ಕತ್ತಲೆಕಾನಿನ ಮರ, ಕಾಣದ ಕಡಲಿನ ತಿಮಿಂಗಿಲ
(ಮಾತೆ ಮರಿಯಮ್ಮನವರ ಜನನೋತ್ಸವ ಹಾಗೂ ತೆನೆಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಒಂಬತ್ತು ದಿನಗಳಿಂದ ಮಳೆಯನ್ನೂ ಲೆಕ್ಕಿಸದೆ ಬುಟ್ಟಿ ತುಂಬ ಹೂ ತಂದು ಮಾತೆಯ ಪಾದದಲ್ಲಿ ಇಟ್ಟಿದ್ದೀರಿ. ಕೆಲವು ಮಕ್ಕಳು ನೆರೆಮನೆಯ ಬೇಲಿಯ ದಾಸವಾಳವನ್ನೂ ಬಿಡಲಿಲ್ಲ ಎಂಬ ದೂರು ನಮ್ಮ ಕಿವಿಗೆ ಬಿದ್ದಿದೆ. ಹಬ್ಬದ ದಿನ ಆ ವಿಚಾರಣೆ ಬೇಡ. ಈಗ ಪೀಠದ ಮುಂದೆ ಹೊಸ ತೆನೆಯಿದೆ. ಇನ್ನು ಸ್ವಲ್ಪ ಹೊತ್ತಿಗೆ ಅದನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತೇವೆ.

ಇಂದಿನ ಶುಭಸಂದೇಶವನ್ನು ಓದುವಾಗ ಹಿಂದಿನ ಬೆಂಚುಗಳಲ್ಲಿ ಸಣ್ಣಗೆ ನಗು ಕೇಳಿಸಿತು. ಪ್ರತಿ ವರ್ಷವೂ ಕೇಳಿಸುತ್ತದೆ. ಸಂತ ಮತ್ತಾಯರು ಕೊಡುವ ವಂಶಾವಳಿಯ ಹೆಸರುಗಳು ನಮ್ಮ ನಾಲಿಗೆಗೆ ಸುಲಭವಾಗಿ ಹೊರಳುವುದಿಲ್ಲ. ಅಬ್ರಹಾಮ, ದಾವೀದ, ಸೊಲೊಮೋನರ ಪರಿಚಯ ನಮಗಿದೆ. ಕೊನೆಯ ಭಾಗಕ್ಕೆ ಬಂದರೆ ಅಜೋರ, ಸದೋಕ, ಎಲಿಹೂದ ಮುಂತಾದವರು ಏನು ಮಾಡಿದರು, ಎಲ್ಲಿ ಬಾಳಿದರು ಎಂಬುದನ್ನು ಗುರುಮಠದಲ್ಲಿ ನಮಗೆ ಕಲಿಸಿದ ಪ್ರಾಧ್ಯಾಪಕರೂ ಹೇಳಲಿಲ್ಲ. ಅವರ ಹೆಸರಷ್ಟೇ ಉಳಿದಿದೆ. ಯಾರ ಹುಟ್ಟುಹಬ್ಬವನ್ನು ಇಂದು ಆಚರಿಸುತ್ತಿದ್ದೇವೋ ಆ ಮಾತೆಯ ಜನನದ ಬಗ್ಗೆಯಂತೂ ಪವಿತ್ರ ಗ್ರಂಥದಲ್ಲಿ ಒಂದು ಸಾಲೂ ಇಲ್ಲ. ಯಾರೂ ಬರೆದಿಡದೆ ಹೋದ ಒಂದು ಹುಟ್ಟಿನ ಹಬ್ಬ ಇದು.

ಆದ್ದರಿಂದ ಯಾರೂ ಬರೆದಿಡದ ಇನ್ನೆರಡು ಜೀವಗಳ ಬಗ್ಗೆ ಇಂದು ನಿಮ್ಮೊಡನೆ ಮಾತಾಡಬೇಕೆಂದು ನಮಗೆ ಅನಿಸಿದೆ. ಒಂದು ಮರ, ಇನ್ನೊಂದು ತಿಮಿಂಗಿಲ. ಮುಂದಿನ ಸಾಲಿನ ಅಜ್ಜಿಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ. ಫಾದರಿಗೆ ಏನಾಯಿತು ಎಂದು ಗಾಬರಿಯಾಗಬೇಡಿ. ಸೆಪ್ಟೆಂಬರ್ 1ನ್ನು ಸೃಷ್ಟಿಯ ಕಾಳಜಿಗಾಗಿ ಪ್ರಾರ್ಥಿಸುವ ದಿನವನ್ನಾಗಿ ದಿವಂಗತ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಘೋಷಿಸಿದರು. ಅಂದಿನಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದವರೆಗಿನ ದಿನಗಳು ಸೃಷ್ಟಿಯ ಕಾಲ. ನಮ್ಮ ತೆನೆಹಬ್ಬ ಅದರ ನಡುವೆಯೇ ಬರುತ್ತದೆ.

ಮೊದಲು ಮರದ ವಿಚಾರ.

ಗುರುಮಠದ ರಜೆ ಮುಗಿದು ಬೆಂಗಳೂರಿಗೆ ಹೊರಟಾಗಲೆಲ್ಲ ಹೊನ್ನಾವರದಲ್ಲಿ ಬಸ್ಸು ಹತ್ತಿ ಗೇರುಸೊಪ್ಪೆ ದಾಟಿ ಘಟ್ಟ ಏರುತ್ತಿದ್ದೆವು. ನಿಮ್ಮಲ್ಲಿ ಹಲವರು ಇದೇ ದಾರಿಯಲ್ಲಿ ಜೋಗ ನೋಡಲು ಹೋಗಿದ್ದೀರಿ. ಆ ತಿರುವುಗಳಲ್ಲಿ ನಮ್ಮ ಗಮನವೆಲ್ಲ ಹೊಟ್ಟೆಯ ಕಡೆಗೆ. ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿ ಕುಳಿತರೆ ಸಾಗರ ಬಂದ ಮೇಲೆಯೇ ಕಣ್ಣು ತೆರೆಯುವುದು. ಹಾಗೆ ಕಣ್ಣು ಮುಚ್ಚಿಕೊಂಡು ಎಷ್ಟೋ ಸಲ ದಾಟಿದ ಜಾಗದ ಹೆಸರು ಕತ್ತಲೆಕಾನು. ಸಿದ್ದಾಪುರ ತಾಲೂಕಿಗೆ ಸೇರಿದ್ದು. ಹೆಸರೇ ಹೇಳುವಂತೆ ಹಗಲಲ್ಲೂ ಬೆಳಕು ನೆಲ ಮುಟ್ಟದ ಕಾಡು. ಕಾನು ಎಂದರೆ ಹಿಂದಿನವರು ಕೊಡಲಿ ಹಾಕದೆ ಕಾಳುಮೆಣಸಿಗಾಗಿ, ಹಲವೆಡೆ ದೇವರ ಹೆಸರಿನಲ್ಲಿ, ಉಳಿಸಿಕೊಂಡು ಬಂದ ಕಾಡು.

ಆ ಕಾಡಿನ ತಗ್ಗುಗಳಲ್ಲಿ ವರ್ಷವಿಡೀ ನೀರು ಜಿನುಗುವ ಜೌಗುಗಳಿವೆ. ಕಾಡುಜಾಯಿಕಾಯಿಯ ಕುಲದ ಮರಗಳು ಅಲ್ಲಿ ಕೆಸರಿನಲ್ಲೇ ನಿಂತು ಬೆಳೆಯುತ್ತವೆ. ಕೆಸರಿನೊಳಗೆ ಗಾಳಿಯಿಲ್ಲ, ಉಸಿರಾಡುವುದಕ್ಕಾಗಿ ಬೇರುಗಳು ನೀರಿನಿಂದ ಮೇಲೆದ್ದು ಬಾಗಿ ಮತ್ತೆ ಕೆಸರಿಗೆ ಇಳಿಯುತ್ತವೆ. ಮೊಣಕಾಲೂರಿ ಪ್ರಾರ್ಥಿಸುವವರ ಸಾಲಿನಂತೆ ಕಾಣುತ್ತದೆ ಎಂದರೆ ನೀವು ನಂಬಬೇಕು, ಏಕೆಂದರೆ ಸಸ್ಯಶಾಸ್ತ್ರಜ್ಞರೇ ಅವಕ್ಕೆ ಮೊಣಕಾಲು ಬೇರು ಎಂದು ಹೆಸರಿಟ್ಟಿದ್ದಾರೆ. ಇಂಥ ಜೌಗಿನಲ್ಲಿ ಗೇರಿನ ಬಂಧುವಾದ ಒಂದು ಮರವಿತ್ತು. ಅಲ್ಲಿ ಯಾವ ಕಾಲದಿಂದಲೋ ಇತ್ತು. ಆದರೆ ವಿಜ್ಞಾನದ ಪುಸ್ತಕದಲ್ಲಿ ಅದಕ್ಕೆ ಹೆಸರು ಬಂದದ್ದು 2000ನೇ ಇಸವಿಯಲ್ಲಿ. ದಾಸಪ್ಪ ಮತ್ತು ಸ್ವಾಮಿನಾಥ್ ಎಂಬ ಇಬ್ಬರು ಸಂಶೋಧಕರು ಅದನ್ನು ಹೊಸ ಪ್ರಭೇದವೆಂದು ಗುರುತಿಸಿ, ಊರಿನ ಹೆಸರನ್ನೇ ಸೇರಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು.

ಇಲ್ಲಿ ಒಂದು ಮಾತು. ನಮ್ಮ ಗುಡ್ಡಗಳಲ್ಲೆಲ್ಲ ಇರುವ ಗೋಡಂಬಿ ಗೇರು ಪೋರ್ಚುಗೀಸರ ಹಡಗಿನಲ್ಲಿ ಬ್ರೆಜಿಲ್ ಕಡೆಯಿಂದ ಬಂದದ್ದು. ಅದರ ಹಣ್ಣು, ಬೀಜ, ಬೀಜದ ದರ ಎಲ್ಲವೂ ನಮಗೆ ಬಾಯಿಪಾಠ. ಅದೇ ಮನೆತನದ, ಇದೇ ಮಣ್ಣಿನ ಮರವೊಂದು ಬಸ್ಸಿನ ದಾರಿಯ ಪಕ್ಕದ ಕಾಡಿನಲ್ಲಿದ್ದರೂ ಅದರ ಹೆಸರು ನಮಗೆ ಗೊತ್ತಿರಲಿಲ್ಲ.

ಈ ಮರದ ಬದುಕು ಬಹಳ ಇಕ್ಕಟ್ಟಿನದು. ಗಂಡು ಹೂ ಒಂದು ಮರದಲ್ಲಿ, ಹೆಣ್ಣು ಹೂ ಇನ್ನೊಂದು ಮರದಲ್ಲಿ. ಕಾಯಿ ಕಚ್ಚಬೇಕಾದರೆ ಎರಡೂ ಒಂದರ ಆಸುಪಾಸಿನಲ್ಲಿರಬೇಕು, ನಡುವೆ ಓಡಾಡುವ ಕೀಟಗಳೂ ಇರಬೇಕು. ಇಂಥ ಜೌಗಿನ ಮರಗಳ ಬೀಜ ಭತ್ತದಂತೆ ಒಣಗಿಸಿ ಕಣಜದಲ್ಲಿ ಇಡುವಂಥದ್ದಲ್ಲ, ಒಣಗಿದರೆ ಮೊಳೆಯುವುದಿಲ್ಲ. ಬಿದ್ದಲ್ಲಿಯೇ ತೇವವಿರಬೇಕು, ನೆರಳಿರಬೇಕು. ಜೌಗು ಬತ್ತಿದರೆ ಮುಗಿಯಿತು, ಎದ್ದು ಇನ್ನೊಂದು ಜೌಗಿಗೆ ಹೋಗಲು ಮರಕ್ಕೆ ಕಾಲಿಲ್ಲ. ಸಿದ್ದಾಪುರದ ಆಸುಪಾಸಿನ ಬೆರಳೆಣಿಕೆಯ ಜೌಗುಗಳೇ ಅದರ ಮುಖ್ಯ ನೆಲೆ. ಆದ್ದರಿಂದ ಹೆಸರು ಸಿಕ್ಕ ಕೂಡಲೇ ಅದರ ಪಕ್ಕದಲ್ಲಿ ಇನ್ನೊಂದು ಮಾತೂ ಸೇರಿತು: ಅಳಿವಿನ ತೀರಾ ಅಂಚಿನಲ್ಲಿದೆ ಎಂದು. ಮಗುವಿಗೆ ನಾಮಕರಣ ಮಾಡಿದ ದಿನವೇ ಅಂತಿಮ ಅಭ್ಯಂಗದ ಎಣ್ಣೆ ತರಿಸಿದ ಹಾಗೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಇದರ ಬೀಜ ಆಯ್ದು, ಸಸಿ ಮಾಡಿ, ಜೌಗುಗಳಲ್ಲಿ ನೆಟ್ಟು ಬೆಳೆಸುವ ಕೆಲಸ ಮಾಡಿದ್ದಾರೆ. ಅವರಿಗೆ ನಾವು ಕೃತಜ್ಞರಾಗಿರಬೇಕು. 2011ರಲ್ಲಿ ಆ ಪ್ರದೇಶವನ್ನು ಸಿಂಗಳೀಕಗಳಿಗಾಗಿ ಸಂರಕ್ಷಿತ ಮೀಸಲೆಂದು ಸರ್ಕಾರ ಘೋಷಿಸಿತು, 2019ರಲ್ಲಿ ಅದು ಶರಾವತಿಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು. ಸಿಂಗಳೀಕದ ಪುಣ್ಯದಿಂದ ಮರಕ್ಕೂ ಆಶ್ರಯ ದೊರೆಯಿತು ಎನ್ನಬಹುದು.

ಇನ್ನು ತಿಮಿಂಗಿಲ. ಪ್ರವಾದಿ ಯೋನರನ್ನು ನುಂಗಿದ್ದು ತಿಮಿಂಗಿಲ ಎಂದು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ, ಚಿತ್ರದಲ್ಲಿಯೂ ಹಾಗೆಯೇ ಬರೆಯುತ್ತೇವೆ. ಪವಿತ್ರ ಗ್ರಂಥದಲ್ಲಿರುವುದು ದೊಡ್ಡ ಮೀನು ಎಂದಷ್ಟೆ. ಅದು ಇರಲಿ. ನಾವು ಹೇಳಹೊರಟಿರುವ ತಿಮಿಂಗಿಲ ಅಷ್ಟು ದೊಡ್ಡದೂ ಅಲ್ಲ, ಸುಮಾರು 5 ಮೀಟರ್. ನಮ್ಮ ಮೀನುಗಾರರ ಸಣ್ಣ ದೋಣಿಯಷ್ಟು. ಡಾಲ್ಫಿನ್ನಿನಂತೆ ಮೂತಿ ಮುಂದೆ ಚಾಚಿರುವ ಕೊಕ್ಕು ತಿಮಿಂಗಿಲಗಳ ಗುಂಪಿಗೆ ಸೇರಿದ್ದು. ಗಂಡಿನ ಕೆಳದವಡೆಯಿಂದ ಸನಿಕೆಯ ಆಕಾರದ ಎರಡು ಹಲ್ಲು ಹೊರಚಾಚಿರುವುದರಿಂದ ಸನಿಕೆಹಲ್ಲಿನ ತಿಮಿಂಗಿಲ ಎನ್ನಬಹುದು. ಅದರ ಊರು ನಮ್ಮ ಅರಬ್ಬಿ ಸಮುದ್ರವಲ್ಲ, ದೂರದ ದಕ್ಷಿಣ ಪೆಸಿಫಿಕ್ ಸಾಗರ.

1872ರಲ್ಲಿ ನ್ಯೂಜಿಲೆಂಡಿಗೆ ಸೇರಿದ ಪಿಟ್ ಎಂಬ ಪುಟ್ಟ ದ್ವೀಪದಲ್ಲಿ ಇದರ ಕೆಳದವಡೆ, ಹಲ್ಲು ಸಿಕ್ಕಿದವು. 1950ರ ದಶಕದಲ್ಲಿ ಅದೇ ದೇಶದ ವೈಟ್ ಐಲೆಂಡ್ ಎಂಬಲ್ಲಿ ಒಂದು ತಲೆಬುರುಡೆಯ ಭಾಗ. 1986ರಲ್ಲಿ ಸಾಗರದ ಆಚೆ ದಡದ ಚಿಲಿ ದೇಶಕ್ಕೆ ಸೇರಿದ ರಾಬಿನ್ಸನ್ ಕ್ರೂಸೊ ದ್ವೀಪದಲ್ಲಿ ಇನ್ನೊಂದು. ಚಿಲಿಯದ್ದನ್ನು 1995ರಲ್ಲಿ ಬೇರೆಯೇ ಜಾತಿಯೆಂದು ಭಾವಿಸಿ ಬೇರೆ ಹೆಸರಿಟ್ಟರು. 2002ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಮೂರೂ ಒಂದೇ ಎಂದು ತಿಳಿಯಿತು. ನೂರಮೂವತ್ತು ವರ್ಷಗಳಲ್ಲಿ ಕೈಗೆ ಬಂದದ್ದು ಮೂರು ಮೂಳೆಯ ತುಂಡುಗಳು. ಅದರ ಮೈಬಣ್ಣ ಯಾವುದೆಂದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ.

2010ರ ಡಿಸೆಂಬರ್ ಕೊನೆಯಲ್ಲಿ, ಜಗತ್ತೆಲ್ಲ ಹೊಸ ವರ್ಷದ ಸಡಗರದಲ್ಲಿದ್ದಾಗ, ನ್ಯೂಜಿಲೆಂಡಿನ ಒಪಾಪೆ ಎಂಬ ಕಡಲತೀರಕ್ಕೆ ಒಂದು ತಾಯಿ, ಒಂದು ಗಂಡುಮರಿ ಬಂದು ಸಿಕ್ಕಿಕೊಂಡು ಪ್ರಾಣಬಿಟ್ಟವು. ಸಾಮಾನ್ಯವಾಗಿ ಕಾಣುವ ಇನ್ನೊಂದು ಜಾತಿಯ ಕೊಕ್ಕು ತಿಮಿಂಗಿಲವೆಂದು ತಿಳಿದು, ಮಾಂಸದ ಒಂದು ಚೂರನ್ನು ಪರೀಕ್ಷೆಗಾಗಿ ತೆಗೆದಿಟ್ಟುಕೊಂಡು, ಮರಳಿನಲ್ಲಿಯೇ ಹೂತರು. ಪ್ರಯೋಗಾಲಯದಲ್ಲಿ ಆ ಚೂರನ್ನು ಪರೀಕ್ಷಿಸಿದವರು ಬೆರಗಾದರು. 2012ರಲ್ಲಿ ಜಗತ್ತಿಗೆ ತಿಳಿಸಿದರು: ನಾವು ಹೂತದ್ದು ಯಾರೂ ಕಂಡಿರದ ತಿಮಿಂಗಿಲದ ತಾಯಿಮಗು ಎಂದು. ಈ ಘಟನೆಯನ್ನು ಓದಿದ ದಿನ ನಾವು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆವು. ತಾಯಿಯನ್ನೂ ಮಗುವನ್ನೂ ಬೇರೆ ಯಾರೋ ಎಂದುಕೊಂಡು ಮಣ್ಣುಮಾಡಿದ ಕಥೆ ಅದು. ಹಾಗೆ ಮಾಡಿದವರದು ತಪ್ಪೂ ಅಲ್ಲ. ಆ ಚೂರನ್ನು ತೆಗೆದಿಡುವಷ್ಟು ಎಚ್ಚರ ಅವರಲ್ಲಿ ಇತ್ತಲ್ಲ, ಅದು ದೊಡ್ಡದು.

2017ರಲ್ಲಿ ಇನ್ನೊಂದು ಸಿಕ್ಕಿತು. 2024ರ ಜುಲೈ 4ರಂದು ಒಟಾಗೊ ಪ್ರಾಂತ್ಯದ ತೈಯೆರಿ ನದಿಮುಖದ ಬಳಿ ಒಂದು ಗಂಡಿನ ದೇಹ ಕೆಡದ ಸ್ಥಿತಿಯಲ್ಲಿ ದಡಕ್ಕೆ ಬಂತು. ಲೆಕ್ಕಕ್ಕೆ ಸಿಕ್ಕವುಗಳಲ್ಲಿ ಇದು 7ನೆಯದು. ಅದನ್ನು ಶೈತ್ಯಾಗಾರದಲ್ಲಿಟ್ಟು ಡಿಸೆಂಬರಿನಲ್ಲಿ ಪರೀಕ್ಷಿಸಿದರು. ಹೊಟ್ಟೆಯಲ್ಲಿ ಒಂಬತ್ತು ಕೋಣೆಗಳಿದ್ದವು. ಅದರೊಳಗೆ ಬೊಂಡಾಸಿನ ಕೊಕ್ಕಿನ ಚೂರುಗಳು. ತಲೆಗೆ, ಕುತ್ತಿಗೆಗೆ ಪೆಟ್ಟಾಗಿತ್ತು. ನಮ್ಮ ಮನಸ್ಸಿಗೆ ತಟ್ಟಿದ ಸಂಗತಿ ಬೇರೆ. ಅಲ್ಲಿನ ಮಾವೊರಿ ಜನ ತಿಮಿಂಗಿಲವನ್ನು ಪೂರ್ವಜರಿಂದ ಬಂದ ನಿಧಿಯೆಂದು ಗೌರವಿಸುತ್ತಾರೆ. ಅವರ ಹಿರಿಯರು ವಿಜ್ಞಾನಿಗಳ ಜೊತೆಗೇ ನಿಂತು ಆ ಕೆಲಸ ನಡೆಸಿದರು. ಆ ಒಂದು ತಿಮಿಂಗಿಲಕ್ಕೆ ತಮ್ಮ ತೀರದ ಹೆಸರನ್ನೇ ಕೊಟ್ಟು ಒನೂಮಿಯಾ ಎಂದು ಕರೆದರು. ಕತ್ತಲೆಕಾನಿನ ಮರಕ್ಕೂ ಊರಿನ ಹೆಸರೇ ಬಂದದ್ದಲ್ಲವೇ?

ಇಷ್ಟಾದರೂ ಈ ತಿಮಿಂಗಿಲ ಕಡಲಿನಲ್ಲಿ ಈಜುವುದನ್ನು ಖಚಿತವಾಗಿ ಕಂಡವರು ಇಂದಿಗೂ ಇಲ್ಲ.

ಪ್ರಿಯರೇ, ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ. ಒಂದು ನಿಂತಲ್ಲಿಂದ ಒಂದು ಗೇಣೂ ಕದಲದು, ಇನ್ನೊಂದಕ್ಕೆ ಮಹಾಸಾಗರವೇ ಅಂಗಳ. ಒಂದು ನಮ್ಮ ಮನೆಬಾಗಿಲಿನದು, ಇನ್ನೊಂದು ಭೂಮಿಯ ಆಚೆ ಮಗ್ಗುಲಿನದು. ಎರಡನ್ನೂ ಕತ್ತಲೆ ಕಾಪಾಡಿತು. ಒಂದಕ್ಕೆ ಕಾಡಿನ ಕತ್ತಲೆ, ಇನ್ನೊಂದಕ್ಕೆ ಆಳದ ಕತ್ತಲೆ. ಇದೇ ಗುಂಪಿನ ಕುವಿಯೆ ತಿಮಿಂಗಿಲ ಸುಮಾರು 3 ಕಿಲೋಮೀಟರ್ ಆಳಕ್ಕೆ ಮುಳುಗಿದ್ದನ್ನೂ, ಒಂದೇ ಉಸಿರಿನಲ್ಲಿ ಮೂರೂವರೆ ಗಂಟೆಗೂ ಹೆಚ್ಚು ಹೊತ್ತು ನೀರೊಳಗೆ ಇದ್ದದ್ದನ್ನೂ ದಾಖಲಿಸಿದ್ದಾರೆ. ಅಂಥ ಬಂಧುಬಳಗದವರು ನಮಗೆ ಕಾಣಿಸದೆ ಇರುವುದರಲ್ಲಿ ಆಶ್ಚರ್ಯವೇನು?

ಅಳಿವಿನ ಅಂಚಿನ ಜೀವಿಗಳ ಪಟ್ಟಿ ಮಾಡುವವರು ಇವೆರಡನ್ನು ಬೇರೆ ಬೇರೆ ಬುಟ್ಟಿಗೆ ಹಾಕುತ್ತಾರೆ. ಮರದ ಬಗ್ಗೆ ಅದರ ಅಪಾಯವನ್ನು ಹೇಳುವಷ್ಟು ತಿಳಿದಿದೆ, ಏಕೆಂದರೆ ಒಂದೊಂದೇ ಮರವನ್ನು ಎಣಿಸಬಹುದು. ತಿಮಿಂಗಿಲಕ್ಕೆ ಬರೆದಿರುವುದು ‘ಮಾಹಿತಿ ಸಾಲದು’ ಎಂದು. ಕೇಳಲು ಸಮಾಧಾನದ ಮಾತಿನಂತಿದೆ. ಮಾಹಿತಿ ಇಲ್ಲವೆಂದರೆ ಅಪಾಯವಿಲ್ಲ ಎಂದುಕೊಂಡು ನಾವು ಎದ್ದುಹೋಗುತ್ತೇವೆ. ಕತ್ತಲೆಕಾನಿನ ಮರಕ್ಕೆ ಹೆಸರು ಬಂದ ಅದೇ 2000ನೇ ಇಸವಿಯ ಮಾರ್ಚಿನಲ್ಲಿ ಬಹಾಮಾ ದ್ವೀಪಗಳ ದಡಕ್ಕೆ ಒಂದೆರಡು ದಿನಗಳೊಳಗೆ ಹದಿನೇಳು ತಿಮಿಂಗಿಲಗಳು ಬಂದು ಬಿದ್ದವು, ಹೆಚ್ಚಿನವು ಈ ಕೊಕ್ಕು ತಿಮಿಂಗಿಲಗಳ ಗುಂಪಿನವೇ. ನೀರಿನೊಳಗೆ ಶಬ್ದ ಕಳಿಸಿ ಜಲಾಂತರ್ಗಾಮಿ ಹುಡುಕುವ ಯುದ್ಧನೌಕೆಗಳ ಸೋನಾರ್ ಇದಕ್ಕೆ ಕಾರಣವೆಂದು ಅಮೆರಿಕದ ನೌಕಾಪಡೆಯೂ ಸೇರಿ ನಡೆಸಿದ ತನಿಖೆ ಮರುವರ್ಷ ಒಪ್ಪಿಕೊಂಡಿತು. ತಿಮಿಂಗಿಲಗಳನ್ನು ಕೊಲ್ಲಬೇಕೆಂದು ಅಲ್ಲಿ ಯಾರೂ ಹೊರಟಿರಲಿಲ್ಲ. ಅವು ಅಲ್ಲಿವೆಯೆಂದು ನೆನಪಿಟ್ಟುಕೊಂಡು ಕೆಲಸ ಮಾಡಿದವರೂ ಇರಲಿಲ್ಲ.

ಈ ಎರಡರಲ್ಲಿ ಯಾವುದರ ಪಾಡು ಹೆಚ್ಚು ಕಷ್ಟ ಎಂದು ನಮ್ಮನ್ನು ಕೇಳಿದರೆ, ಮರದ್ದು ಎನ್ನುತ್ತೇವೆ. ಸತ್ತು ದಡಕ್ಕೆ ಬಿದ್ದ ತಿಮಿಂಗಿಲವನ್ನು ನೋಡಲು ಜನ ಓಡಿಬರುತ್ತಾರೆ, ಮೊಬೈಲ್ ಎತ್ತುತ್ತಾರೆ. ಬಿದ್ದ ಮರಕ್ಕೆ ಯಾರು ಓಡಿಬರುತ್ತಾರೆ? ಕಳೆದ ಭಾನುವಾರ ಧರ್ಮೋಪದೇಶದ ಮಕ್ಕಳಿಗೆ ಎರಡರ ಕಥೆಯನ್ನೂ ಹೇಳಿ, ಇಷ್ಟವಾದುದರ ಚಿತ್ರ ಬರೆಯಿರಿ ಎಂದೆವು. ಇಪ್ಪತ್ತಾರು ತಿಮಿಂಗಿಲ ಬಂದವು. ಮರ ಒಂದೇ ಒಂದು, ಅದರ ಕೆಳಗೂ ಒಂದು ತಿಮಿಂಗಿಲ ಮಲಗಿತ್ತು.

ಇನ್ನೊಂದು ಕಾರಣವಿದೆ, ಅದನ್ನು ಹಬ್ಬದ ದಿನ ಹೇಳುವುದು ಸ್ವಲ್ಪ ಕಷ್ಟವೇ. ಆ ಜೌಗುಗಳು ಎಲ್ಲಿ ಹೋದವು? ಕಂಪನಿಗಳು ನುಂಗಿದವು ಎಂದು ಹೇಳಿ ನಾವು ಕೈತೊಳೆದುಕೊಳ್ಳುವ ಹಾಗಿಲ್ಲ. ಪಶ್ಚಿಮ ಘಟ್ಟದ ಕಣಿವೆಗಳಲ್ಲಿ ಬೇಸಗೆಯಲ್ಲೂ ನೀರಿರುವ, ಸಮತಟ್ಟಾದ ನೆಲವೆಂದರೆ ಅವೇ. ಭತ್ತಕ್ಕೂ ಅಡಿಕೆಗೂ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಸಿದ ಜನ ತಲೆತಲಾಂತರದಿಂದ ಅವನ್ನು ಕಡಿದು, ನೀರು ಹರಿಯಬಿಟ್ಟು, ಗದ್ದೆ ಮಾಡಿದರು, ತೋಟ ಮಾಡಿದರು. ಉಳಿದದ್ದು ಕಾನುಗಳ ಒಳಗಿನ ಚೂರುಪಾರು. ಅವರನ್ನು ಪಾಪಿಗಳೆಂದು ಕರೆಯಲು ನಮಗೆ ಬಾಯಿ ಬರುವುದಿಲ್ಲ. ಅವರು ಮಕ್ಕಳಿಗೆ ಅನ್ನ ಕೊಟ್ಟರು. ನಮ್ಮ ಹಿರಿಯರೂ ಅಂಥ ಗದ್ದೆಯ ಗಂಜಿ ಕುಡಿದೇ ಬೆಳೆದವರು. ಆದರೆ ಇಂದು ನಾವು ಕೈಯಲ್ಲಿ ಹಿಡಿಯುವ ತೆನೆ ಬೆಳೆದ ಜಾಗದಲ್ಲಿ ಮೊದಲು ಯಾರಿದ್ದರು ಎಂಬುದನ್ನು ನಾವು ಎಂದೂ ಕೇಳಲಿಲ್ಲ. ಅಳಿದುಹೋಗುವ ಎಷ್ಟೋ ಜೀವಜಾತಿಗಳು ನಮಗೆ ಪರಿಚಯವೇ ಆಗದೆ ಹೋಗುತ್ತವೆ ಎಂಬ ನೋವನ್ನು ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ತೋಡಿಕೊಂಡಿದ್ದಾರೆ. ಆದಿಕಾಂಡದಲ್ಲಿ ದೇವರು ಜೀವಿಗಳನ್ನು ಮನುಷ್ಯನ ಮುಂದೆ ತಂದು ನಿಲ್ಲಿಸಿದ್ದು ಹೆಸರಿಡಲಿ ಎಂದು. ಹೆಸರಿಡಬೇಕಾದರೆ ಮೊದಲು ಮುಖ ನೋಡಬೇಕಲ್ಲ.

ಇಷ್ಟು ಹೇಳಿದ ಮೇಲೆ ನಮ್ಮದೇ ಒಂದು ತಪ್ಪನ್ನು ಮುಚ್ಚಿಡುವುದು ಸರಿಯಲ್ಲ.

ದೇವಾಲಯದ ಹಿಂದೆ, ಸ್ಮಶಾನದ ಗೋಡೆಯ ಕೆಳಗೆ, ಜೌಗಿನ ಒಂದು ತುಂಡು ಇದೆ. ಹಬ್ಬದ ದಿನ ವಾಹನ ನಿಲ್ಲಿಸಲು ಜಾಗ ಸಾಲದು ಎಂದು ಕಳೆದ ಮೇ ತಿಂಗಳ ಪಾಲನಾ ಪರಿಷತ್ತಿನ ಸಭೆಯಲ್ಲಿ ಅದಕ್ಕೆ ಕೆಂಪು ಮಣ್ಣು ತುಂಬುವ ಠರಾವು ಆಯಿತು. ನಾವೇ ಮೊದಲು ಸಹಿ ಹಾಕಿದವರು. ಐದು ನಿಮಿಷವೂ ಹಿಡಿಯಲಿಲ್ಲ. ಆ ಜಾಗದಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಕೆಸವಿನ ಎಲೆ, ಕೇದಗೆಯ ಪೊದೆ, ಸೊಳ್ಳೆ ಇವೆ ಎಂದುಕೊಂಡಿದ್ದೆವು. ಮಳೆ ಬೇಗ ಹಿಡಿದದ್ದರಿಂದ ಟಿಪ್ಪರ್ ಒಳಗೆ ಬರಲಾಗದೆ ಕೆಲಸ ನಿಂತಿತು. ನಮ್ಮ ವಿವೇಕದಿಂದ ನಿಂತದ್ದಲ್ಲ, ಕೆಸರಿನಿಂದ ನಿಂತದ್ದು.

ಜುಲೈಯಲ್ಲಿ ಕೆಳಗಿನ ವಾಳೆಯ ಹಿರಿಯ ತಾಯಿಯೊಬ್ಬರು ಬಂದು ಹೇಳಿದರು: “ಫಾದರ್, ಆ ಜೌಗಿಗೆ ಮಣ್ಣು ಹಾಕ್ತೀರಂತೆ. ನಮ್ಮ ಬಾವಿಗೆ ಮೇ ತಿಂಗಳವರೆಗೂ ನೀರು ಬರೋದು ಅಲ್ಲಿಂದಲೇ. ನಾವು ಕುಡಿಯೋದು ಅದನ್ನೇ.” ಅವರು ಜಗಳಕ್ಕೆ ಬಂದಿರಲಿಲ್ಲ. ಅವರಿಗೆ ಆ ಜೌಗಿನ ಪರಿಚಯವಿತ್ತು, ನಮಗೆ ಇರಲಿಲ್ಲ, ಅಷ್ಟೇ. ಮರುದಿನ ಕೊಡೆ ಹಿಡಿದು, ಪಂಚೆ ಎತ್ತಿಕಟ್ಟಿ, ಅಲ್ಲಿಗೆ ಇಳಿದೆವು. ನಾಲ್ಕು ವರ್ಷದಿಂದ ಈ ಧರ್ಮಕೇಂದ್ರದಲ್ಲಿದ್ದೇವೆ, ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಕತ್ತಲೆಕಾನಿನ ಮರ ಅಲ್ಲಿಲ್ಲ, ಇರುವುದು ಸಾಧ್ಯವೂ ಇಲ್ಲ; ಸುಳ್ಳು ಆಸೆ ಹುಟ್ಟಿಸುವುದು ಬೇಡ. ಇದು ಸಾಮಾನ್ಯ ಜೌಗು. ಕಪ್ಪೆಗಳಿವೆ, ನಮಗೆ ಹೆಸರು ಗೊತ್ತಿರುವ ಮೂರು ಮರಗಳಿವೆ, ಹೆಸರು ಗೊತ್ತಿಲ್ಲದವು ಏಳೋ ಎಂಟೋ. ಮೂಲೆಯ ಕಲ್ಲಿನ ಕೆಳಗಿಂದ ನೀರು ಬರುತ್ತದೆ, ತಣ್ಣಗಿದೆ.

ಆ ಠರಾವನ್ನು ಮತ್ತೆ ಸಭೆಯ ಮುಂದೆ ಇಡುತ್ತೇವೆ. ಮುಂದಿನ ಭಾನುವಾರ ಎರಡನೆಯ ಪೂಜೆಯ ನಂತರ ಸಭೆ. ವಾಹನ ನಿಲ್ಲಿಸುವ ಸಮಸ್ಯೆ ನಿಜವಾದದ್ದೇ, ದೂರದಿಂದ ಬರುವ ವೃದ್ಧರಿಗೆ ತೊಂದರೆಯಾಗುತ್ತಿದೆ. ಶಾಲೆಯ ಆಟದ ಬಯಲು, ರಸ್ತೆಬದಿಯ ಜಾಗ, ಇತರ ದಾರಿಗಳನ್ನು ಯೋಚಿಸಿ ಬನ್ನಿ. ಮಣ್ಣು ತುಂಬಲೇಬೇಕು ಎನ್ನುವವರೂ ಬರಬೇಕು, ಅವರ ಮಾತನ್ನೂ ಕೇಳುತ್ತೇವೆ. ಆದರೆ ಕೈ ಎತ್ತುವ ಮೊದಲು ಎಲ್ಲರೂ ಒಮ್ಮೆ ಆ ಜೌಗಿಗೆ ಇಳಿದು ನೋಡಿ ಬರಬೇಕೆಂಬುದು ನಮ್ಮ ವಿನಂತಿ.

ಇಂದು ತೆನೆ ಹಂಚಿದ ಮೇಲೆ ಧರ್ಮೋಪದೇಶದ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಸಸ್ಯಶಾಸ್ತ್ರ ಕಲಿಸುವ ನಮ್ಮ ಧರ್ಮಕೇಂದ್ರದ ಶಿಕ್ಷಕರೊಬ್ಬರು ಜೊತೆಗೆ ಬರಲು ಒಪ್ಪಿದ್ದಾರೆ. ಮರಗಳ ಹೆಸರು ಬರೆದುಕೊಳ್ಳಲು ಪುಸ್ತಕ, ಪೆನ್ಸಿಲ್ ತನ್ನಿ. ಹಬ್ಬದ ಹೊಸ ಬಟ್ಟೆಯಲ್ಲಿ ಬೇಡ, ತಾಯಂದಿರು ನಮ್ಮನ್ನು ಬೈಯುತ್ತಾರೆ. ಉಂಬಳಗಳಿವೆ. ಹೊಗೆಸೊಪ್ಪು, ಸುಣ್ಣ ಅಜ್ಜಿಯರ ಸಂಚಿಯಲ್ಲಿ ಇದ್ದೇ ಇರುತ್ತದೆ, ಸ್ವಲ್ಪ ಕೇಳಿ ಪಡೆದುಕೊಳ್ಳಿ. ಹನ್ನೆರಡು ಗಂಟೆಯೊಳಗೆ ಮರಳಿ ಬರುತ್ತೇವೆ, ಹೊಸ ಅಕ್ಕಿಯ ಊಟಕ್ಕೆ ತಡವಾಗುವುದಿಲ್ಲ.